ಸಾಕ್ಷಿಯಲ್ಲಿ ಇಲ್ಲದವಳು

ಅಕ್ಕ ಎದ್ದು, ತಲೆ ಬಾಚಿಕೊಂಡು, ಚಪ್ಪಲಿಯನ್ನೂ ಮೆಟ್ಟಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದಾಳೆ ಎಂದು ಹೆಂಡತಿ ಬಂದು ಹೇಳಿದಾಗ ಅವನಿಗೆ ಮೊದಲು ಆದದ್ದು ಸಂತೋಷವಲ್ಲ, ಭಯ. ಅರ್ಧ ಗಡ್ಡ ಹೆರೆದ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ, ಏನೂ ಗೊತ್ತಿಲ್ಲದವನ ಹಾಗೆ, "ಎಲ್ಲಿಗಂತೆ?" ಎಂದು ಕೇಳಿದ. "ಎಲ್ಲಿಗೆ ಅಂದ್ರೆ? ನಿಮ್ಮ ಜೊತೆ ಸಭೆಗೆ. ತಮ್ಮ ಇವತ್ತು ಎದ್ದು ಮಾತಾಡ್ತಾನಂತಲ್ಲ, ನಾನು ಒಂದು ಸಲಾನೂ ಕೇಳಿಲ್ಲ ಅಂತ ಬೆಳಿಗ್ಗೆಯಿಂದ ಅದೇ ಜಪ. ಇವತ್ತು ಅತ್ತಿಗೆ ತಲೆ ತುಂಬಾ ಚೆನ್ನಾಗಿದೆ ಕಣ್ರೀ, ನನ್ನ ಹೆಸರು ಹಿಡಿದು ಕರೆದ್ರು," ಎಂದು ಹೆಂಡತಿ ಖುಷಿಯಿಂದ ಹೇಳಿ, ಅವನ ಬಿಳಿ ಅಂಗಿಯನ್ನು ಹಾಸಿಗೆಯ ಮೇಲೆ ಹಾಕಿ ಹೋದಳು. ಅಂಗಿಗೆ ಇಸ್ತ್ರಿಯಾಗಿತ್ತು. ಯಾರು ಮಾಡಿದ್ದು ಎಂದು ಕೇಳಬೇಕಾಗಿರಲಿಲ್ಲ. ಕಾಲರಿನ ಒಳಮಡಿಕೆಯವರೆಗೆ ಇಸ್ತ್ರಿಪೆಟ್ಟಿಗೆಯ ಮೂತಿ ತೂರಿಸಿ ಸುಕ್ಕು ತೆಗೆಯುವವಳು ಆ ಮನೆಯಲ್ಲಿ ಒಬ್ಬಳೇ. ಅಕ್ಕನ ಕೈಗೆ ಇಸ್ತ್ರಿಪೆಟ್ಟಿಗೆ ಕೊಡಬಾರದು ಎಂದು ಡಾಕ್ಟರು ಹೇಳಿದ್ದರೂ ಹೆಂಡತಿ ಪಕ್ಕದಲ್ಲಿ ನಿಂತು ಕೊಟ್ಟಿರಬೇಕು. ಅವನು ಅಂಗಿ ತೊಟ್ಟ. ಬೆನ್ನಿಗೆ ಇನ್ನೂ ಬೆಚ್ಚಗಿತ್ತು.

ಅಕ್ಕ ಅವರ ಮನೆಗೆ ಬಂದು ಬಹಳ ಕಾಲವೇನೂ ಆಗಿರಲಿಲ್ಲ. ಊರಿನ ಆಚೆ ಬದಿಯಲ್ಲಿ ತನ್ನ ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದವಳು, ಒಂದು ದಿನ ಯಾರದೋ ಕೋಟಿನ ಮೇಲೆ ಕಾದ ಇಸ್ತ್ರಿಪೆಟ್ಟಿಗೆಯನ್ನು ಇಟ್ಟು, ಬಾಗಿಲು ತೆರೆದೇ ಬಿಟ್ಟು, ಹೊರಟುಹೋಗಿದ್ದಳು. ಹೊಗೆ ನೋಡಿದ ಪಕ್ಕದವರು ಓಡಿಬಂದರು. ಅವಳು ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ, ಯಾವ ಬಸ್ಸಿಗೂ ಕಾಯದೆ ಸುಮ್ಮನೆ ಕೂತಿದ್ದಾಗ. ಅಲ್ಲಿಂದೀಚೆಗೆ ಅವಳ ದಿನಗಳು ಒಂದು ಇದ್ದ ಹಾಗೆ ಇನ್ನೊಂದಿಲ್ಲ. ಒಂದು ದಿನ ಅವನು ಹುಡುಗನಾಗಿದ್ದಾಗ ಯಾವ ಕಿಟಕಿಯ ಗಾಜು ಒಡೆದ ಎಂಬುದನ್ನೂ ಹೇಳುತ್ತಾಳೆ. ಮಾರನೆಯ ದಿನ ತಿಂಡಿಯ ಮೇಜಿನಲ್ಲಿ ಅವನನ್ನೇ ಮರ್ಯಾದೆಯಿಂದ ನೋಡಿ, "ನೀವು ಯಾರ ಕಡೆಯವರು?" ಎಂದು, ಮದುವೆ ಮನೆಯಲ್ಲಿ ಕೇಳುವಂತೆ ಕೇಳುತ್ತಾಳೆ. ಹೆಂಡತಿ ನಗುತ್ತಾಳೆ, ಅವನೂ ನಗುತ್ತಾನೆ, ಅಕ್ಕನೂ ಸೇರಿಕೊಳ್ಳುತ್ತಾಳೆ. ನಿಚ್ಚಳವಾದ ದಿನಗಳಿಗಾಗಿ ಪ್ರಾರ್ಥಿಸುತ್ತಿದ್ದವನು ಅವನೇ. ಈಗ ಶೂ ದಾರ ಕಟ್ಟಿಕೊಳ್ಳುತ್ತಾ, ಕೇಳಿದ ದಿನವನ್ನೇ ದೇವರು ಕೊಟ್ಟಿರುವಾಗ, ಇವತ್ತೇ ಯಾಕಪ್ಪಾ ಎಂದು ಅವನ ಮನಸ್ಸು ಗೊಣಗಿತು. ಇವತ್ತೊಂದು ದಿನ ಅವಳು ಮರೆತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದ್ದನ್ನು ತಾನೇ ಕೇಳಿಸಿಕೊಂಡು ಅವನ ಕಿವಿ ಬಿಸಿಯಾಯಿತು.

ಕಟ್ಟಡದ ಲಿಫ್ಟ್ ಬಂದು ನಿಂತಾಗ ಅವನು ಎಂದಿನಂತೆ ಮೊದಲು ಒಳಗೆ ನೋಡಿದ, ಆಮೇಲೆ ಕಾಲಿಟ್ಟ. ಲಿಫ್ಟ್ ಕೆಲಸದವರಿಗೆಲ್ಲ ಅವನು ಮೊದಲ ದಿನವೇ ಹೇಳಿಕೊಡುವ ಪಾಠ ಅದು: ಬಾಗಿಲು ತೆರೆದರೆ ಮೊದಲು ಕಣ್ಣು, ಆಮೇಲೆ ಕಾಲು. ಕಲಿಸುವವನು ಕುಂಟುತ್ತಾ ಬಂದು ಹೇಳುವುದರಿಂದ ಯಾರೂ ಮರೆಯುವುದಿಲ್ಲ. ಮದುವೆಗೆ ಮುಂಚೆ, ತಾನೇ ಲಿಫ್ಟ್ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ, ಅವನು ಬೆಳಿಗ್ಗೆಯೇ ಕುಡಿದು ಕೆಲಸಕ್ಕೆ ಹೋಗುತ್ತಿದ್ದ. ಅಂಥ ಒಂದು ಬೆಳಿಗ್ಗೆ ಲಿಫ್ಟಿನ ಬಾಗಿಲನ್ನು ಹೊರಗಿನಿಂದ ತೆರೆಯುವ ತನ್ನ ತ್ರಿಕೋನದ ಕೀ ಹಾಕಿ ಮೇಲಂತಸ್ತಿನ ಬಾಗಿಲು ತೆರೆದು, ಲಿಫ್ಟ್ ಅಲ್ಲೇ ಇದೆ ಎಂದುಕೊಂಡು ಕಾಲಿಟ್ಟ. ಲಿಫ್ಟ್ ಅಲ್ಲಿರಲಿಲ್ಲ. ತಳದ ಗುಂಡಿಯಲ್ಲಿ, ಎಣ್ಣೆ ಜಿಡ್ಡಿನ ನಡುವೆ, ದಪ್ಪ ಸ್ಪ್ರಿಂಗಿನ ಮೇಲೆ ಸೊಂಟ ಮುರಿದುಕೊಂಡು ಬಿದ್ದಿದ್ದವನನ್ನು ಮೇಲೆತ್ತಲು ಅರ್ಧ ಹಗಲು ಬೇಕಾಯಿತು. ಗುಂಡಿಯಿಂದ ಎದ್ದುಬಂದವನು ಎಂದು ಸಭೆಯಲ್ಲಿ ಅವನಿಗೆ ಹೆಸರಾದದ್ದು ಹಾಗೆ. ಪ್ರೀತಿಯಿಂದ ಕರೆಯುವವರು ಲಿಫ್ಟಣ್ಣ ಎನ್ನುತ್ತಿದ್ದರು. ಬೇರೆ ಬೇರೆ ಸಭೆಗಳವರು ಕರೆಸಿ ಅವನ ಸಾಕ್ಷಿ ಹೇಳಿಸಿದ್ದರು. ದೇವರು ತನ್ನ ಬದುಕಿನಲ್ಲಿ ಏನು ಮಾಡಿದ ಎಂದು ನಾಲ್ಕು ಜನರ ಮುಂದೆ ನಿಂತು ಹೇಳುವುದಕ್ಕೆ ಆ ಕ್ರೈಸ್ತ ಸಭೆಗಳಲ್ಲಿ ಸಾಕ್ಷಿ ಎಂದು ಹೆಸರು.

ಭಾನುವಾರದ ಬೀದಿಯಲ್ಲಿ ಅಂಗಡಿಗಳ ಷಟರ್ ಇಳಿದಿದ್ದವು. ಹೆಂಡತಿ ಸ್ವಲ್ಪ ಹಿಂದೆ ಬರುತ್ತಿದ್ದಳು. ಅಕ್ಕ ಕೈಚೀಲವನ್ನು ಎದೆಗೆ ಅವಚಿಕೊಂಡು ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆದಳು. ಅವನಿಗೆ ಕಾಲು ಕುಂಟು, ಅವಳಿಗೆ ತಲೆ ಕುಂಟು, ಇಬ್ಬರೂ ಸೇರಿದರೆ ಒಬ್ಬ ಪೂರಾ ಮನುಷ್ಯ ಆಗುತ್ತಾರೆ ಎಂದು ಅವಳೇ ಒಮ್ಮೆ ತಮಾಷೆ ಮಾಡಿದ್ದಳು. ಹೇಳಿಬಿಡಬೇಕು, ಈಗಲೇ, ಸಭೆಯ ಬಾಗಿಲು ಬರುವುದರೊಳಗೆ ಎಂದುಕೊಂಡ. ಏನೆಂದು ಹೇಳುವುದು? ಅಕ್ಕಾ, ನನ್ನ ಸಾಕ್ಷಿಯಲ್ಲಿ ನೀನಿಲ್ಲ. "ಅಕ್ಕಾ, ಅಲ್ಲಿ ನಾನು ಹೇಳೋದು... ಎಲ್ಲಾ ಹೇಳೋಕಾಗಲ್ಲ. ಚಿಕ್ಕದು ಮಾಡಿ ಹೇಳ್ತೀನಿ," ಎಂದ. "ಚಿಕ್ಕದೇ ಒಳ್ಳೇದು ಕಣೋ. ಉದ್ದ ಮಾತು ಯಾರಿಗೆ ಬೇಕು? ಚಿಕ್ಕಂದಿನಲ್ಲಿ ನಿನ್ನನ್ನ ಹಾಲು ತರೋಕೆ ಕಳಿಸಿದ್ರೆ ದಾರೀಲಿ ಕಂಡ ನಾಯಿ, ನಾಯಿ ಬಾಲ, ಎಲ್ಲಾ ಹೇಳಿ ಮುಗಿಸೋ ಹೊತ್ತಿಗೆ ಹಾಲು ಒಡೆದಿರ್ತಿತ್ತು," ಎಂದು ಅವಳು ನಕ್ಕಳು. ಅವನೂ ನಗಲು ನೋಡಿದ. ಬೇಕರಿಯ ಮುಂದೆ ಬಂದಾಗ ಅವನಿಗೆ ಇನ್ನೊಂದು ಎದೆಗುದಿ ನೆನಪಾಯಿತು. ಬೇಕರಿಯ ಬಾಗಿಲಿಗೆ, 'ಇವತ್ತು ರಜ, ನನಗೆ ದೀಕ್ಷಾಸ್ನಾನ, ಬನ್ನಿ' ಎಂದು ಬೇಕರಿಯವನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದ. ಬ್ರೆಡ್ಡಿಗೆ ಬಂದ ಗಿರಾಕಿಗಳು ಅದನ್ನು ಓದಿ ತಲೆ ಕೆರೆದುಕೊಂಡಿರಬೇಕು.

ಬೇಕರಿಯವನು ಇವತ್ತು ನೀರಿಗೆ ಇಳಿಯುತ್ತಿರುವುದು ಇವನ ಸಾಕ್ಷಿಯಿಂದ. ಹೆಂಡತಿ ಬಿಟ್ಟುಹೋಗಿ, ಮಕ್ಕಳಿಲ್ಲದೆ, ಬೇಕರಿಯ ಹಿಂದಿನ ಗೋದಾಮಿನಲ್ಲಿ ಹಿಟ್ಟಿನ ಮೂಟೆಗಳ ನಡುವೆ ಕುಡಿದು ಮಲಗುತ್ತಿದ್ದವನು, ಮಳೆಗೆ ನಿಲ್ಲಲು ಎಂದು ಒಮ್ಮೆ ಸಭೆಯ ಹಾಲಿನೊಳಗೆ ಬಂದಿದ್ದ. ಮೈಕಿನ ಮುಂದೆ ಇದ್ದವನು ಇವನು. "ಆಸ್ಪತ್ರೆಯ ಆ ಹಾಸಿಗೆ ಪಕ್ಕ ನನ್ನವರು ಅನ್ನೋರು ಯಾರೂ ಇರಲಿಲ್ಲ," ಎಂದು ಹೇಳುತ್ತಿದ್ದ ಹೊತ್ತು. ಬೇಕರಿಯವನು ಆಮೇಲೆ ಇವನ ಎರಡೂ ಕೈ ಹಿಡಿದುಕೊಂಡು ಅತ್ತಿದ್ದ. "ಬೇರೆಯವರು ಹೇಳೋದೆಲ್ಲ ಕೇಳಿದೀನಿ ಲಿಫ್ಟಣ್ಣ. ಅವರಿಗೆಲ್ಲ ಅಮ್ಮ ಇದ್ರು, ಹೆಂಡತಿ ಇದ್ರು, ಯಾರೋ ಒಬ್ರು ಕಾಯ್ತಾ ಇದ್ರು. ನಿಮಗೆ ಯಾರೂ ಇರ್ಲಿಲ್ಲವಲ್ಲ. ಯಾರೂ ಇಲ್ಲದ ನಿಮ್ಮನ್ನೇ ದೇವರು ಹುಡುಕಿಕೊಂಡು ಬಂದ ಅಂದ್ರೆ ನನಗೂ ಬರ್ತಾನೆ." ಅವತ್ತಿನಿಂದ ಅವನು ಬಾಟಲಿ ಮುಟ್ಟಿರಲಿಲ್ಲ. ಕೈ ನಡುಗುವ ದಿನಗಳಲ್ಲಿ ಇವನಿಗೆ ಫೋನ್ ಮಾಡಿ, "ಆ ಮಾತು ಇನ್ನೊಂದ್ಸಲ ಹೇಳಿ," ಎನ್ನುತ್ತಿದ್ದ. ಇವನು ಹೇಳುತ್ತಿದ್ದ. ದೀಕ್ಷಾಸ್ನಾನದ ದಿನ ನೀವೇ ಸಾಕ್ಷಿ ಹೇಳಬೇಕು, ಅದೇ ಸಾಕ್ಷಿ, ಒಂದು ಅಕ್ಷರ ಬಿಡದೆ ಎಂದು ಕೇಳಿಕೊಂಡವನೂ ಅವನೇ.

ಯಾರೂ ಇರಲಿಲ್ಲ. ನಿಜವಾಗಿ, ಆಸ್ಪತ್ರೆಯ ಆ ವಾರ್ಡಿನಲ್ಲಿ ಹಗಲೆಲ್ಲ ಅವನ ಪಕ್ಕದಲ್ಲಿ ಕಬ್ಬಿಣದ ಸ್ಟೂಲಿನ ಮೇಲೆ ಅಕ್ಕ ಇದ್ದಳು. ಅಂಗಡಿಗೆ ಬೀಗ ಜಡಿದು ಬಂದಿದ್ದಳು. ಗಿರಾಕಿಗಳು ಬೀಗ ನೋಡಿ ನೋಡಿ ಬೇಸತ್ತು ಬೇರೆ ಅಂಗಡಿ ಹಿಡಿದರು, ಅದನ್ನವಳು ಒಂದು ದಿನವೂ ಹೇಳಲಿಲ್ಲ. ಅವಳ ಸೀರೆಯಿಂದ ಗಂಜಿ ಹಾಕಿ ಒಣಗಿಸಿದ ಬಟ್ಟೆಯ ವಾಸನೆ ಬರುತ್ತಿತ್ತು. ಅವನು ನೋವಿಗೆ ಅವಳನ್ನೇ ಬಯ್ಯುತ್ತಿದ್ದ, ಬಾಯಿಗೆ ಬಂದದ್ದೆಲ್ಲ ಬಯ್ಯುತ್ತಿದ್ದ, ಅವಳು ಅಂಗೈಯಿಂದ ಅವನ ಹೊದಿಕೆಯ ಸುಕ್ಕನ್ನು ಒತ್ತಿ ಒತ್ತಿ ತೆಗೆಯುತ್ತಾ, "ಬಯ್ಯೋಕೆ ಶಕ್ತಿ ಬಂತಲ್ಲ, ಸದ್ಯ," ಎನ್ನುತ್ತಿದ್ದಳು. ಹಿಂದೆ ಆ ಹಾಸಿಗೆಯಲ್ಲಿದ್ದ ಯಾರೋ ಪಕ್ಕದ ಕಪಾಟಿನಲ್ಲಿ ಒಂದು ಸಣ್ಣ ಕಪ್ಪು ಪುಸ್ತಕ ಬಿಟ್ಟುಹೋಗಿದ್ದರು. ಅದು ಕ್ರೈಸ್ತರ ಪುಸ್ತಕ ಎಂಬುದೂ ಅವಳಿಗೆ ಮೊದಲು ಗೊತ್ತಾಗಲಿಲ್ಲ. ಹೊತ್ತು ಹೋಗದೆ, ಓದಲು ಬೇರೇನೂ ಇಲ್ಲದೆ, ತನ್ನ ಕೂಡಿಸಿ ಕೂಡಿಸಿ ಓದುವ ಓದಿನಲ್ಲಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಅವನಿಗೆ ಗಟ್ಟಿಯಾಗಿ ಓದತೊಡಗಿದಳು. ಇಂಥವನು ಇಂಥವನ ಮಗ, ಅವನು ಇಂಥವನ ಮಗ ಎಂದು ಪುಟ ತುಂಬಾ ಬಂದಾಗ, "ಇದೇನೋ ಇದು, ಸಂಬಂಧ ಕೇಳೋಕೆ ಬಂದೋರು ಮನೆತನ ಹೇಳಿದ ಹಾಗಿದೆ. ಹುಡುಗ ಏನ್ ಕೆಲಸ ಮಾಡ್ತಾನೆ ಅಂತ ಹೇಳಲೇ ಇಲ್ಲ," ಎಂದು ಆ ಪುಟ ಹಾರಿಸಿದ್ದಳು. ಸೊಂಟ ಕಿತ್ತುಬರುತ್ತಿದ್ದರೂ ಅವನು ನಕ್ಕಿದ್ದ.

ಸಭೆಯ ಹಾಲಿನ ಮೆಟ್ಟಿಲುಗಳನ್ನು ಹತ್ತುವಾಗ ಪಾಸ್ಟರು ಎದುರಿಗೇ ಸಿಕ್ಕರು. "ಓಹೋ, ಅಕ್ಕನವರೂ ಬಂದ್ರಾ! ಒಳ್ಳೇದಾಯ್ತು ಬನ್ನಿ," ಎಂದು ಕೈ ಮುಗಿದರು. ಅಕ್ಕನ ಬಗ್ಗೆ ಹಿಂದೆ ತಾವು ಆಡಿದ ಮಾತು ಅವರಿಗೆ ನೆನಪಿಲ್ಲ ಎಂದು ಇವನಿಗೆ ಗೊತ್ತಾಯಿತು. ನೆನಪಿಟ್ಟುಕೊಳ್ಳಬೇಕಾದ ಕಾರಣವೂ ಅವರಿಗಿರಲಿಲ್ಲ. ಮೊದಲ ಸಲ ಅವನು ಸಾಕ್ಷಿ ಹೇಳಿದಾಗ ಅಕ್ಕನನ್ನು ಬಿಟ್ಟು ಅದರಲ್ಲಿ ಬೇರೇನೂ ಇರಲಿಲ್ಲ. ಸ್ಟೂಲು, ಸೀರೆ, ಹಾರಿಸಿದ ಪುಟ, ಎಲ್ಲ ಹೇಳಿದ್ದ. ಜನ ನಕ್ಕರು, ಅತ್ತರು, ಆಮೇಲೆ ಹೆಂಗಸರು ಬಂದು ನಿಮ್ಮ ಅಕ್ಕ ಹೇಗಿದಾರೆ ಎಂದು ವಿಚಾರಿಸಿದರು. ಒಳಗಿನ ಕೋಣೆಯಲ್ಲಿ ಪಾಸ್ಟರು ಅವನಿಗೆ ಟೀ ಕೊಟ್ಟು, ಕೆಟ್ಟ ಮನಸ್ಸಿನಿಂದಲ್ಲ, ಹೊಸಬನಿಗೆ ಕಲಿಸುವ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಬ್ರದರ್, ನಿಮ್ಮ ಅಕ್ಕ ದೊಡ್ಡ ಮನಸ್ಸಿನೋರು. ಆದ್ರೆ ಇವತ್ತು ಜನ ಯಾರನ್ನ ನೆನೆಸಿಕೊಂಡು ಮನೆಗೆ ಹೋದ್ರು? ಅವರನ್ನ. ಸಾಕ್ಷಿ ಅಂದ್ರೆ ಮೂರೇ ಮಾತು. ಮೊದಲು ಹೇಗಿದ್ದೆ, ದೇವರು ಹೇಗೆ ಸಿಕ್ಕಿದ, ಈಗ ಹೇಗಿದೀನಿ. ಕೇಳೋರ ಕಣ್ಣು ನಿಮ್ಮ ಮೇಲಿಂದ ನೇರ ಅವನ ಮೇಲೆ ಹೋಗ್ಬೇಕು. ನಡುವೆ ಇನ್ನೊಬ್ರು ನಿಂತಿದ್ರೆ ಕಣ್ಣು ಅಲ್ಲೇ ನಿಂತುಬಿಡುತ್ತೆ. ಸ್ವಲ್ಪ ಚಿಕ್ಕದು ಮಾಡಿ." ಸುಳ್ಳು ಹೇಳಿ ಎಂದು ಅವರು ಹೇಳಲಿಲ್ಲ. ಚಿಕ್ಕದು ಮಾಡಿ ಎಂದರು, ಅಷ್ಟೇ. ಮುಂದಿನ ಸಲ ಅಕ್ಕ ಒಂದು ವಾಕ್ಯವಾದಳು. ಅದರ ಮುಂದಿನ ಸಲ, ಮನೆಯವರು ಯಾರೋ ಆಗಾಗ ಬಂದುಹೋಗುತ್ತಿದ್ದರು ಎಂದಾಯಿತು. ಒಂದು ಸಂಜೆ, ದೂರದ ಒಂದು ಸಭೆಯಲ್ಲಿ, ಮಾತಿನ ಓಘದಲ್ಲಿ, ಯಾರೂ ಇರಲಿಲ್ಲ ಎಂದುಬಿಟ್ಟ. ಎಂದ ಕೂಡಲೇ ಹಾಲಿನಲ್ಲಿ ಒಂದು ನಿಶ್ಶಬ್ದ ಬಂತು. ಕೆಮ್ಮುವವರು ಕೆಮ್ಮು ನಿಲ್ಲಿಸಿದರು, ಮಕ್ಕಳನ್ನು ತಟ್ಟುತ್ತಿದ್ದ ತಾಯಂದಿರು ತಟ್ಟುವುದನ್ನು ನಿಲ್ಲಿಸಿದರು. ಅಂಥ ನಿಶ್ಶಬ್ದ ಅವನ ಜೀವಮಾನದಲ್ಲಿ ಅವನ ಮಾತಿಗೆ ಯಾರೂ ಕೊಟ್ಟಿರಲಿಲ್ಲ. ಪಾಸ್ಟರ ಮೇಲೆ ಹೊರೆಸಿ ಕೈ ತೊಳೆದುಕೊಳ್ಳಬಹುದಾಗಿತ್ತು, ಎಷ್ಟೋ ಸಲ ಹಾಗೆ ತೊಳೆದುಕೊಂಡೂ ಇದ್ದ. ಆದರೆ ಆ ಮಾತನ್ನು ಅವನು ಇಟ್ಟುಕೊಂಡದ್ದು ಆ ನಿಶ್ಶಬ್ದದ ಆಸೆಗೆ.

ಅಕ್ಕನನ್ನು ಹಿಂದಿನ ಸಾಲಿನಲ್ಲಿ, ಗೊರಗೊರ ಸದ್ದು ಮಾಡುವ ಫ್ಯಾನಿನ ಕೆಳಗೆ ಕೂರಿಸಲು ನೋಡಿದ. "ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅಕ್ಕಾ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ದನಿ ಅವನಿಗೇ ಕೇಳಿಸಿತು. "ಗಾಳಿ ಕುಡಿಯೋಕೆ ಬಂದಿದೀನಾ ನಾನು? ನನಗೆ ಕಿವಿ ಮಂದ, ಮುಂದೆ ಕೂರ್ತೀನಿ," ಎಂದು ಅವಳು ನೇರ ಮೊದಲ ಸಾಲಿಗೆ ಹೋಗಿ, ಬೆಂಚಿನ ಮೇಲಿನ ಹೊದಿಕೆಯನ್ನು ಅಂಗೈಯಿಂದ ಎರಡು ಸಲ ಒತ್ತಿ, ಸುಕ್ಕು ಹೋಯಿತೆಂದು ಖಾತ್ರಿಯಾದ ಮೇಲೆ ಕೂತಳು. ಅವನ ಹೆಂಡತಿ ಪಕ್ಕದಲ್ಲಿ ಕೂತಳು. ಹೆಂಡತಿ ಈ ಸಾಕ್ಷಿಯನ್ನು ಎಷ್ಟೋ ಸಲ ಕೇಳಿದ್ದಾಳೆ. ಮದುವೆಗೆ ಮುಂಚಿನ ಕಥೆ ಅದು. ಅದರಲ್ಲಿ ಅಕ್ಕ ಯಾಕಿಲ್ಲ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಅಕ್ಕ ಆಗ ಬೇರೆ ಊರಲ್ಲಿದ್ದಳು ಎಂದುಕೊಂಡಿರಬೇಕು. ಅಕ್ಕನೂ ತಾನಾಗಿ ಎಂದೂ ಆ ಮಾತೆತ್ತಿದವಳಲ್ಲ. ಮಾಡಿದ್ದನ್ನು ಹೇಳಿಕೊಂಡರೆ ಮಾಡಿದ್ದು ಸವೆದುಹೋಗುತ್ತದೆ ಎನ್ನುವವಳು ಅವಳು.

ಹಾಲಿನ ಮುಂಭಾಗದ ನೆಲದ ಹಲಗೆಗಳನ್ನು ತೆಗೆದು ಕೆಳಗಿನ ನೀರಿನ ತೊಟ್ಟಿಯನ್ನು ತೆರೆದಿದ್ದರು. ನೀಲಿ ಬಣ್ಣ ಬಳಿದ ತೊಟ್ಟಿಗೆ ಇಳಿಯಲು ಸಿಮೆಂಟಿನ ಮೆಟ್ಟಿಲು. ಅದರ ಅಂಚಿನಲ್ಲಿ ಬಿಳಿಯ ನಿಲುವಂಗಿ ತೊಟ್ಟು, ಬರಿಗಾಲಿನಲ್ಲಿ, ಬೇಕರಿಯವನು ನಿಂತಿದ್ದ. ಒಲೆಯ ಮುಂದೆ ಸದಾ ಕೆಂಪಗಿರುವ ಮುಖ ಇವತ್ತು ಸೋಪು ಹಚ್ಚಿ ತೊಳೆದು ಮಗುವಿನ ಮುಖದಂತಾಗಿತ್ತು. ಇವನನ್ನು ಕಂಡು, ಮೈಕು ಇದೆಯೆಂಬುದನ್ನೂ ಮರೆತು, "ಬಂದ್ರಾ ಲಿಫ್ಟಣ್ಣ!" ಎಂದುಬಿಟ್ಟ. ಸಭೆ ನಕ್ಕಿತು. ಇವನು ನೀರನ್ನು ನೋಡಿದ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅಕ್ಕ ಓದಿದ್ದೂ ನೀರಿನ ಕಥೆಯನ್ನೇ. ಒಂದು ಕೊಳ, ಅದರ ದಡದಲ್ಲಿ ವರ್ಷಗಟ್ಟಲೆ ಬಿದ್ದಿರುವ, ನಡೆಯಲಾಗದ ಒಬ್ಬ ಮನುಷ್ಯ. ನೀರು ಕಲಕಿದಾಗ ಮೊದಲು ಇಳಿದವನಿಗೆ ವಾಸಿಯಾಗುತ್ತದೆ. ನಿನಗೆ ವಾಸಿಯಾಗಬೇಕಾ ಎಂದು ಯೇಸು ಕೇಳಿದರೆ ಅವನು ಹೌದು ಎನ್ನಲಿಲ್ಲ, ನನ್ನನ್ನು ಇಳಿಸುವವರು ಯಾರೂ ಇಲ್ಲ ಎಂದ. ಅಕ್ಕನ ಬೆರಳು ಆ ಸಾಲಿನ ಕೆಳಗೆ ನಿಂತುಬಿಟ್ಟಿತ್ತು. ಮುಂದೇನಾಯಿತು ಎಂದು ನೋಡದೆ ಅವಳು ಪುಸ್ತಕವನ್ನು ಮಡಿಲಲ್ಲಿ ಇಳಿಸಿ, ಆ ಮನುಷ್ಯ ಪಕ್ಕದ ಹಾಸಿಗೆಯಲ್ಲೇ ಇದ್ದಾನೇನೋ ಎಂಬಂತೆ, "ಅಯ್ಯೋ ಪಾಪ. ಇವನಿಗೊಬ್ಬಳು ಅಕ್ಕ ಇರಬೇಕಿತ್ತು ಕಣೋ," ಎಂದಿದ್ದಳು. ಆಗಲೇ ಅವನಿಗೆ ಅಳು ಒತ್ತಿಕೊಂಡು ಬಂದದ್ದು. ಬಿದ್ದಾಗ ಅಳದವನು, ಮೂಳೆ ಕೂಡಿಸುವಾಗ ಅಳದವನು, ಆ ಮಾತಿಗೆ ಅತ್ತ. ತನ್ನನ್ನು ನೀರಿಗೆ ಇಳಿಸಲು ಒಬ್ಬಳನ್ನು ಯಾರೋ ಮೊದಲೇ ಕಳಿಸಿದ್ದಾರೆ, ಅವಳನ್ನೇ ತಾನು ಇಷ್ಟು ದಿನ ಬಯ್ಯುತ್ತಿದ್ದೇನೆ ಎಂದು ಅವನಿಗೆ ಹೊಳೆದದ್ದು ಆಗ. ದೇವರು ಅವನ ಬಳಿಗೆ ಬಂದದ್ದು ಆ ಮಧ್ಯಾಹ್ನ, ಆ ಸ್ಟೂಲಿನ ಮೇಲಿನಿಂದ, ತಪ್ಪುತಪ್ಪಾಗಿ ಓದುವ ಬಾಯಿಂದ. ಅವಳಿಗೆ ಮಾತ್ರ ಅದೇನೂ ಗೊತ್ತಾಗಲಿಲ್ಲ. ಸೊಂಟ ನೋಯುತ್ತಿದೆ ಎಂದುಕೊಂಡು ನರ್ಸನ್ನು ಕರೆಯಲು ಓಡಿದ್ದಳು. ಯಾರೂ ಇಲ್ಲ ಎಂಬ ಮಾತು ಆ ದಡದ ಮನುಷ್ಯನದು. ಅದನ್ನು ಇವನು ಕದ್ದು ತನ್ನ ಬಾಯಿಗೆ ಹಾಕಿಕೊಂಡಿದ್ದ, ಅದಕ್ಕೆ ತನಗೆ ಸಿಕ್ಕಿದ್ದ ಉತ್ತರವನ್ನು, ಅಕ್ಕನನ್ನು, ಅಳಿಸಿಹಾಕಿದ್ದ.

ಹೇಳುತ್ತೇನೆ, ಇವತ್ತು ಹೇಳಿಯೇ ತೀರುತ್ತೇನೆ ಎಂದುಕೊಂಡು ಅವನು ಮೈಕಿನ ಮುಂದೆ ನಿಂತ. ಮೊದಲ ಮಾತುಗಳು ತಾವಾಗಿಯೇ ಬಂದವು. ಕುಡಿತ, ಕೀ, ಬಾಗಿಲು, ಗುಂಡಿ. ಎಷ್ಟು ಸಲ ಹೇಳಿದ್ದನೆಂದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದು ನಾಲಿಗೆಗೇ ಗೊತ್ತಿತ್ತು, ಅವನನ್ನು ಕೇಳುವ ಅಗತ್ಯ ಇರಲಿಲ್ಲ. ಅಕ್ಕ ಕತ್ತು ಮುಂದೆ ಚಾಚಿ ಕೇಳುತ್ತಿದ್ದಳು. ಗುಂಡಿಯ ಮಾತು ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಸ್ಪತ್ರೆಯ ಹಾಸಿಗೆ ಬಂತು. ನನ್ನ ಅಕ್ಕ ಎಂಬ ಮಾತು ಗಂಟಲವರೆಗೆ ಬಂದಿತ್ತು. ಆ ಕ್ಷಣಕ್ಕೆ ಅವನ ಕಣ್ಣು ತೊಟ್ಟಿಯ ಅಂಚಿಗೆ ಹೋಯಿತು. ಬೇಕರಿಯವನು ಕಣ್ಣು ಮುಚ್ಚಿಕೊಂಡಿದ್ದ, ತುಟಿ ಅಲ್ಲಾಡುತ್ತಿತ್ತು. ಇವನ ಸಾಕ್ಷಿಯನ್ನು ಮೊದಲಿನಿಂದಲೂ ಇವನ ಜೊತೆಜೊತೆಗೇ, ಸದ್ದಿಲ್ಲದೆ, ಬಾಯಿಪಾಠ ಹೇಳುತ್ತಾ ಬಂದಿದ್ದ. ಈಗ ಇವನಿಗಿಂತ ಒಂದು ಮಾತು ಮುಂದೆ ಹೋಗಿ, ಯಾರೂ ಇರಲಿಲ್ಲ ಎಂದು ತುಟಿಯಲ್ಲೇ ಹೇಳಿ ಮುಗಿಸಿ, ಇವನು ಬಂದು ಸೇರಲಿ ಎಂದು ಕಾಯುತ್ತಿದ್ದ. ಆ ಮಾತನ್ನು ಹಿಡಿದುಕೊಂಡೇ ಅವನು ಕೈ ನಡುಗುವ ದಿನಗಳನ್ನು ದಾಟಿದ್ದು. ಅದನ್ನು ಈಗ, ನೀರಿನ ಅಂಚಿನಲ್ಲಿ, ಅವನ ಕೈಯಿಂದ ಕಿತ್ತುಕೊಳ್ಳುವುದೇ? ಒಂದು ಕಡೆ ಅವಳು, ಒಂದು ಕಡೆ ಅವನು, ನಡುವೆ ಅಡಕತ್ತರಿಯಲ್ಲಿ ಇವನು. ಆಮೇಲೆ ಹೇಳಬಹುದು, ಮುಂದಿನ ಸಲ ಹೇಳಬಹುದು, ಅಕ್ಕ ಹೇಗೂ ನಾಳೆಗೆ ಮರೆಯುತ್ತಾಳೆ. ಈ ಕೊನೆಯ ಯೋಚನೆಯನ್ನು ಅವನು ಯೋಚಿಸಿದ, ಇಲ್ಲ ಎನ್ನುವಂತಿಲ್ಲ. ಅವತ್ತು ಲಿಫ್ಟಿನ ಬಾಗಿಲಲ್ಲಿ ಆದ ಹಾಗೆಯೇ, ಕಣ್ಣಿಗಿಂತ ಮೊದಲು ಕಾಲು ಮುಂದೆ ಹೋಯಿತು. "ಆ ಹಾಸಿಗೆ ಪಕ್ಕ ನನ್ನವರು ಅನ್ನೋರು ಯಾರೂ ಇರಲಿಲ್ಲ," ಎಂದ.

ನಿಶ್ಶಬ್ದ ಬಂತು. ಎಂದಿನ ಆ ನಿಶ್ಶಬ್ದವೇ. ಅದರೊಳಗೆ ಅವನು ಅಕ್ಕನ ಕಡೆ ನೋಡಲಾರದೆ ನೋಡಿದ. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ಕೈ ಮಾತ್ರ ಮಡಿಲಿನ ಸೀರೆಯನ್ನು ಒತ್ತಿ ಒತ್ತಿ ಸಪಾಟು ಮಾಡುತ್ತಿತ್ತು. ಉಳಿದದ್ದನ್ನು ಅವನು ಹೇಗೆ ಹೇಳಿ ಮುಗಿಸಿದನೋ ಅವನಿಗೇ ತಿಳಿಯದು. ಕೈ ಚಾಚಿದಾಗ ಕಪಾಟಿನಲ್ಲಿ ಪುಸ್ತಕ ಸಿಕ್ಕಿತು ಎಂದ, ತಾನೇ ಓದಿಕೊಂಡೆ ಎಂದ. ಆಮೇಲೆ ಹಾಡು, ಆಮೇಲೆ ಪ್ರಾರ್ಥನೆ. ಬೇಕರಿಯವನನ್ನು ಪಾಸ್ಟರು ಬೆನ್ನಿಗೆ ಕೈಕೊಟ್ಟು ನೀರಿನಲ್ಲಿ ಮುಳುಗಿಸಿ ಎತ್ತಿದಾಗ ಅವನು ಮೂಗಿಗೆ ನೀರು ಹೋಗಿ ಕೆಮ್ಮುತ್ತಾ, ನಗುತ್ತಾ, ಅಳುತ್ತಾ ಮೆಟ್ಟಿಲು ಹತ್ತಿ ನೇರ ಬಂದು ಇವನನ್ನು ತಬ್ಬಿಕೊಂಡ. "ಒಂದು ಅಕ್ಷರ ಬಿಡಲಿಲ್ಲ ಲಿಫ್ಟಣ್ಣ ನೀವು. ಒಂದು ಅಕ್ಷರ ಬಿಡಲಿಲ್ಲ." ಅಕ್ಕ ಇಸ್ತ್ರಿ ಮಾಡಿದ ಅಂಗಿ ಎದೆಯಿಂದ ತೋಳಿನವರೆಗೆ ಒದ್ದೆಯಾಗಿ ಮುದುಡಿತು. ಆ ಮನುಷ್ಯನ ಸಂತೋಷ ನಿಜವಾದದ್ದು, ಅದರಲ್ಲಿ ಎಳ್ಳಷ್ಟೂ ಕಲಬೆರಕೆ ಇರಲಿಲ್ಲ. ಸುಳ್ಳು ಹೇಳಿ ಒಬ್ಬನನ್ನು ಬದುಕಿಸಿದ್ದಕ್ಕೆ ಶಿಕ್ಷೆ ಏನು ಎಂದು ಇವನು ಅವನ ಒದ್ದೆ ಭುಜದ ಮೇಲೆ ಗಲ್ಲವಿಟ್ಟುಕೊಂಡು ಯೋಚಿಸಿದ. ನಿಜ ಹೇಳಿದ್ದರೂ ಅವನು ಬದುಕುತ್ತಿದ್ದನೇನೋ. ಬೇಕರಿಯವನಿಗೂ ಒಬ್ಬಳು ಅಕ್ಕ ಎಲ್ಲೋ ಇದ್ದಿರಬಹುದು, ಅವನು ಅವಳ ಕಡೆ ನೋಡುವಂತೆ ತಾನು ಮಾಡಬಹುದಾಗಿತ್ತು. ಅದು ಈಗ ಯಾರಿಗೆ ಗೊತ್ತು?

ಹೆಂಡತಿ ಒಳಗೆ ಟೀ ಲೋಟಗಳನ್ನು ತೊಳೆಯುವವರ ಜೊತೆ ನಿಂತಳು. ಅವನು ಅಕ್ಕನನ್ನು ಹೊರಗೆ ಕರೆತಂದು ಮೆಟ್ಟಿಲ ಮೇಲಿನ ಕಟ್ಟೆಯಲ್ಲಿ ಕೂರಿಸಿ ಪಕ್ಕದಲ್ಲಿ ಕೂತ. ಬಿಸಿಲು ಚುರುಗುಟ್ಟುತ್ತಿತ್ತು. ಬಯ್ಯಲಿ ಎಂದು ಕಾದ. ಬಯ್ದರೆ ತಲೆ ಬಗ್ಗಿಸಿ ಕೇಳುತ್ತೇನೆ, ಕಾಲು ಹಿಡಿಯುತ್ತೇನೆ, ಮುಂದಿನ ವಾರ ಅದೇ ಮೈಕಿನಲ್ಲಿ ಎಲ್ಲ ಹೇಳುತ್ತೇನೆ ಎಂದುಕೊಂಡ. ಅಕ್ಕ ಬೀದಿಯನ್ನು ನೋಡುತ್ತಾ, "ಚೆನ್ನಾಗಿ ಹೇಳಿದ ಕಣೋ ಆ ಮನುಷ್ಯ," ಎಂದಳು. "ನನಗೆ ಅಳು ತಡೆಯೋಕೆ ಆಗ್ಲಿಲ್ಲ. ಅಷ್ಟು ದೊಡ್ಡ ಆಸ್ಪತ್ರೆ, ಎಲ್ಲರಿಗೂ ಯಾರೋ ಒಬ್ರು ಇರ್ತಾರೆ. ಪಾಪ. ಅವನಿಗೊಬ್ಬಳು ಅಕ್ಕ ಇರಬೇಕಿತ್ತು."

ಮಾತು ಅದೇ, ದನಿಯೂ ಅದೇ, ಪಾಪ ಎನ್ನುವಾಗಿನ ಆ ಎಳೆತವೂ ಅದೇ. ಅವಳ ಕಣ್ಣಿನಲ್ಲಿ ಬೆಳಗಿನ ನಿಚ್ಚಳ ಆಗಲೇ ಅರ್ಧ ಇಳಿದಿತ್ತು. "ಅಕ್ಕಾ," ಎಂದ. "ಅದು ನಾನೇ ಅಕ್ಕಾ. ಮಾತಾಡಿದ್ದು ನಾನು." ಅವಳು ತಿರುಗಿ ಅವನನ್ನು ನೋಡಿದಳು, ಅವನ ಒದ್ದೆ ಅಂಗಿಯನ್ನು ನೋಡಿದಳು, ಕಾಲನ್ನು ನೋಡಿದಳು. ಒಂದೊಂದನ್ನೂ ಸೇರಿಸಿಕೊಳ್ಳುತ್ತಿರುವುದು ಅವನಿಗೆ ಕಾಣಿಸಿತು, ಕಪ್ಪು ಪುಸ್ತಕದ ಅಕ್ಷರಗಳನ್ನು ಸೇರಿಸಿಕೊಳ್ಳುತ್ತಿದ್ದ ಹಾಗೆಯೇ. "ನೀನಾ?" ಎಂದಳು. "ಅಯ್ಯೋ, ನೀನಾ? ನೀನು ಬಿದ್ದಾಗ... ಮತ್ತೆ ನಾನೆಲ್ಲಿ ಹೋಗಿದ್ದೆ?"

"ನೀನಿದ್ದೆ ಅಕ್ಕಾ," ಎಂದ, ಅವಳ ಎರಡೂ ಕೈ ಹಿಡಿದು. "ನೀನು ದಿನಾ ಇದ್ದೆ. ಅಂಗಡಿ ಮುಚ್ಚಿ ಬಂದಿದ್ದೆ. ಸ್ಟೂಲಿನ ಮೇಲೆ ಕೂತಿರ್ತಿದ್ದೆ. ನನಗೆ ಓದಿ ಹೇಳಿದ್ದೇ ನೀನು. ಮನೆತನ ಹೇಳಿದ ಹಾಗಿದೆ ಅಂತ ಪುಟ ಹಾರಿಸಿದೆ, ನೆನಪಿಲ್ವಾ? ಕೊಳದ ಹತ್ತಿರ ಒಬ್ಬ ಬಿದ್ದಿದ್ನಲ್ಲ, ನೆನಪಿಲ್ವಾ ಅಕ್ಕಾ?" ಅವಳು ಗಮನವಿಟ್ಟು ಕೇಳಿದಳು. ಯಾರದೋ ಮನೆಯ ವಿಷಯ ಕೇಳುವ ಹಾಗೆ, ಪ್ರೀತಿಯಿಂದ, ತಲೆ ಅಲ್ಲಾಡಿಸುತ್ತಾ ಕೇಳಿದಳು. ಆಮೇಲೆ ಅವನ ಕೈಯಿಂದ ತನ್ನ ಒಂದು ಕೈಯನ್ನು ಬಿಡಿಸಿಕೊಂಡು ಅವನ ತೋಳಿನ ಒದ್ದೆ ಬಟ್ಟೆಯನ್ನು ಅಂಗೈಯಿಂದ ಒತ್ತತೊಡಗಿದಳು. ಸುಕ್ಕು ಹೋಗಲಿಲ್ಲ.

"ಸುಮ್ನಿರು," ಎಂದಳು. "ನನ್ನ ಸಮಾಧಾನಕ್ಕೆ ಅಂತ ಇಲ್ಲದ್ದೆಲ್ಲ ಹೇಳ್ಬೇಡ. ಅಷ್ಟು ಜನರ ಮುಂದೆ, ದೇವರ ಮನೇಲಿ ನಿಂತು ಹೇಳಿದ್ಯಲ್ಲ, ಯಾರೂ ಇರ್ಲಿಲ್ಲ ಅಂತ. ಅಲ್ಲಿ ನಿಂತು ನೀನು ಸುಳ್ಳು ಹೇಳ್ತೀಯಾ? ನನ್ನ ತಲೇನೇ ಸರಿಯಿಲ್ಲ, ನಿನ್ನ ತಲೆ ಸರಿಯಾಗಿದೆ." ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. "ಬರಬೇಕಿತ್ತು ನಾನು. ಏನು ದೊಡ್ಡ ಕೆಲಸ ಇತ್ತೋ ನನಗೆ ಆಗ. ತಮ್ಮ ಸಾಯೋಕೆ ಬಿದ್ದಿರುವಾಗ ಬರಲಿಲ್ಲ ಅಂದ್ರೆ ನಾನೆಂಥವಳು? ತಪ್ಪಾಯ್ತು ಕಣೋ. ಇಷ್ಟು ವರ್ಷ ಒಂದು ಮಾತು ಆಡಲಿಲ್ಲವಲ್ಲ ನೀನು, ನನ್ನನ್ನ ಮನೇಲಿ ಇಟ್ಕೊಂಡು ಅನ್ನ ಹಾಕ್ತಿದೀಯಲ್ಲ."

ಇಲ್ಲ ಅಕ್ಕಾ, ಇಲ್ಲ, ಎಂದ. ಮತ್ತೆ ಮೊದಲಿನಿಂದ ಹೇಳಿದ. ಸ್ಟೂಲು, ಸೀರೆಯ ವಾಸನೆ, ಹಾರಿಸಿದ ಪುಟ, ಒಂದನ್ನೂ ಬಿಡದೆ, ಅಳುತ್ತಾ, ಬೀದಿಯಲ್ಲಿ ಹೋಗುವವರು ನೋಡುತ್ತಿದ್ದಾರೆ ಎಂಬುದನ್ನೂ ಮರೆತು. ಎಷ್ಟೋ ಸಭೆಗಳಲ್ಲಿ ಎಷ್ಟೋ ಜನರನ್ನು ನಂಬಿಸಿದ್ದ ನಾಲಿಗೆ ಅವನದು. ನಿಜ ಹೇಳುವಾಗ ಅದು ತಡವರಿಸಿತು. ಅವಳು ನಂಬಲಿಲ್ಲ. ಅವನು ಒಳ್ಳೆಯವನಾದ್ದರಿಂದ ಹೀಗೆ ಹೇಳುತ್ತಿದ್ದಾನೆ ಎಂದು ಮಾತ್ರ ಅವಳಿಗೆ ಅನ್ನಿಸಿತು, ಅದಕ್ಕೇ ಇನ್ನಷ್ಟು ಅತ್ತಳು. ಆ ವಾರ್ಡಿನಲ್ಲಿ ಅವಳಿದ್ದಳು ಎಂದು ಇನ್ನೂ ನೆನಪಿಟ್ಟುಕೊಂಡಿದ್ದವರು ಈ ಭೂಮಿಯ ಮೇಲೆ ಇಬ್ಬರೇ ಇದ್ದರು. ಈಗ ಒಬ್ಬನೇ ಉಳಿದ.

ಒಳಗಿನಿಂದ ಹೆಂಡತಿ ಬಂದು, "ಹೋಗೋಣ್ವಾ?" ಎಂದಳು. ಇಬ್ಬರ ಮುಖವನ್ನೂ ನೋಡಿ, ಸಾಕ್ಷಿಯಿಂದಾಗಿ ಅತ್ತಿದ್ದಾರೆ ಎಂದುಕೊಂಡಳು. ಅವನು ಎದ್ದ. ಬಹಳ ಹೊತ್ತು ಕೂತಿದ್ದರಿಂದ ಸೊಂಟ ಹಿಡಿದುಕೊಂಡಿತ್ತು, ಮೊದಲ ಮೆಟ್ಟಿಲಿನ ಅಂಚಿನಲ್ಲಿ ಕಾಲು ತಡೆಯಿತು. ಅಕ್ಕ ಕಣ್ಣೊರೆಸಿಕೊಂಡು ಅವನಿಗಿಂತ ಒಂದು ಮೆಟ್ಟಿಲು ಕೆಳಗಿಳಿದು ನಿಂತಳು. ತಿರುಗಿ ಅವನ ತೋಳನ್ನು ಭದ್ರವಾಗಿ ಹಿಡಿದುಕೊಂಡಳು.

"ಈಗಲಾದ್ರೂ ಇದೀನಲ್ಲ," ಎಂದಳು. "ನಿಧಾನ. ನಾನು ಇಳಿಸ್ತೀನಿ, ಇಳಿ."